ಬೂಸ್ಟರ್‌ಗೆ ಬಂದವರನ್ನು ವಾಪಸ್ ಕಳಿಸಬೇಡಿ

ಮಾನ್ಯ ಸಂಪಾದಕರೇ,

ಕೊರೊನಾ ಲಸಿಕೆಯ ಬೂಸ್ಟರ್, ಅಂದರೆ ಮೂರನೇ ಡೋಸ್ ಹಾಕಿಸಿಕೊಳ್ಳೋಕೆ ಜನರಿಗೆ ಆಸಕ್ತಿ ಇಲ್ಲ, ಕೊರೊನಾ ಹೋಯಿತು ಅಂತ ಎಲ್ಲರೂ ಮರೆತೇಬಿಟ್ಟಿದ್ದಾರೆ ಅನ್ನೋ ಮಾತು ಈಚೆಗೆ ತುಂಬಾ ಕೇಳಿಬರುತ್ತಿದೆ. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಈ ವರ್ಷ, ಅಂದರೆ 2022ರ ಫೆಬ್ರುವರಿಯಿಂದ ನಮ್ಮ ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿ ಹನ್ನೊಂದು ಜನಕ್ಕೆ ನಾನು ಓಡಾಡಿ ಬೂಸ್ಟರ್ ಹಾಕಿಸಿದ್ದೇನೆ. ಕೆಲವರಿಗೆ ಫೋನಿನಲ್ಲಿ ಬುಕ್ ಮಾಡಿಕೊಟ್ಟೆ, ಕೆಲವರನ್ನು ಜೊತೆಯಲ್ಲೇ ಕರೆದುಕೊಂಡು ಹೋದೆ. ಇವರಲ್ಲಿ ಮೊದಲ ಸಲ ಹೋದಾಗಲೇ ಲಸಿಕೆ ಸಿಕ್ಕಿದ್ದು ಮೂವರಿಗೆ ಮಾತ್ರ. ಉಳಿದವರೆಲ್ಲ ಎರಡು ಮೂರು ಸಲ ಅಲೆದವರೇ. ಅಲೆದು ಅಲೆದು ಕೈಬಿಟ್ಟವರು ಬೇರೆ ಇದ್ದಾರೆ. ಈಗ ಆಸಕ್ತಿ ಇಲ್ಲದವರು ಅಂತ ಹೇಳೋದು ಅವರನ್ನೇ ಅಲ್ವಾ?

ನಮ್ಮ ಅತ್ತೆಗೆ 72 ವರ್ಷ. ಶುಗರ್, ಬಿಪಿ ಎರಡೂ ಇದೆ. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದಾಗಲೇ ಮೊದಲ ಡೋಸ್ ಹಾಕಿಸಿದ್ದೆವು. ಆಗ ಕೊಟ್ಟಿದ್ದು ಮೈದುನನ ಮೊಬೈಲ್ ನಂಬರ್. ಎರಡನೇ ಡೋಸ್ ಆಗಿದ್ದು ಮೇ ಮೊದಲ ವಾರ. ಆ ದಿನಗಳು ಬೆಂಗಳೂರಿನವರಿಗೆ ಮರೆಯೋಕೆ ಸಾಧ್ಯವಿಲ್ಲ. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಆಕ್ಸಿಜನ್ ಇಲ್ಲ, ಲಸಿಕೆಗೆ ಬೆಳಗಿನ ಜಾವದಿಂದ ಸಾಲು. ಐದೂವರೆಗೆ ಹೋಗಿ ಟೋಕನ್ ತಗೊಂಡು ನಿಂತವಳು, ಕೌಂಟರಿನಲ್ಲಿ ನಂಬರ್ ಕೇಳಿದ ತಕ್ಷಣ ನನ್ನ ನಂಬರ್ ಹೇಳಿದೆ. ಅವರು ಹೊಸದಾಗಿ ನೋಂದಾಯಿಸಿಬಿಟ್ಟರು. ಹಾಗಾಗಿ ಲಸಿಕೆ ನೋಂದಣಿಗೆ ಸರ್ಕಾರ ಮಾಡಿದ್ದ ಕೋವಿನ್ ಜಾಲತಾಣದ ಲೆಕ್ಕದಲ್ಲಿ ಅತ್ತೆಗೆ ಎರಡು ಸಲ ಮೊದಲ ಡೋಸ್ ಆಯಿತು, ಎರಡನೆಯದು ಆಗಲೇ ಇಲ್ಲ.

ಇದು ಗೊತ್ತಾಗಿದ್ದು ಒಂಬತ್ತು ತಿಂಗಳು ತುಂಬಿ, ಫೆಬ್ರುವರಿಯಲ್ಲಿ ಬೂಸ್ಟರ್‌ಗೆ ಹೋದಾಗ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ, 'ಅಜ್ಜಿಗೆ ಸೆಕೆಂಡ್ ಡೋಸೇ ಆಗಿಲ್ಲ, ಬೂಸ್ಟರ್ ಹೆಂಗೆ ಕೊಡೋದು ಮೇಡಂ' ಅಂದ. ಎರಡೂ ಸರ್ಟಿಫಿಕೇಟ್ ತೋರಿಸಿದೆ, ಎರಡರಲ್ಲೂ ಒಂದೇ ಹೆಸರು, ಒಂದೇ ಆಧಾರ್. ಅವನು ಏನೂ ಮಾಡುವ ಹಾಗಿರಲಿಲ್ಲ. ಪಕ್ಕದಲ್ಲಿದ್ದವರು, ಕಾಯಿಲೆ ಇದೆ ಅಂತ ಡಾಕ್ಟರ್ ಲೆಟರ್ ಕೂಡ ಬೇಕು ಅಂದರು. 60 ದಾಟಿದವರು ಡಾಕ್ಟರ್ ಸರ್ಟಿಫಿಕೇಟ್ ತೋರಿಸಬೇಕಿಲ್ಲ ಅಂತ ಕೇಂದ್ರ ಆರೋಗ್ಯ ಇಲಾಖೆ ಡಿಸೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೂ ತಿಳಿಸಿತ್ತು. ಅದು ಆ ಮೇಜಿನವರೆಗೆ ಬಂದಿರಲಿಲ್ಲ. ಅತ್ತೆ ಮೆಟ್ಟಿಲು ಇಳಿಯುವಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, 'ಬಿಡಮ್ಮ, ನಂಗ್ಯಾಕೆ ಇದೆಲ್ಲ, ಎರಡು ಹಾಕಿಸ್ಕೊಂಡಿದ್ದೀನಲ್ಲ' ಅಂದರು. ವಯಸ್ಸಾದವರು ಒಂದು ಸಲ ಹೀಗೆ ಅಂದರೆ ಮತ್ತೆ ಅವರನ್ನು ಮನೆಯಿಂದ ಹೊರಡಿಸೋದು ಎಷ್ಟು ಕಷ್ಟ ಅಂತ ಮನೆಯಲ್ಲಿ ಹಿರಿಯರು ಇರುವವರಿಗೆ ಗೊತ್ತು.

ಎರಡು ಸರ್ಟಿಫಿಕೇಟ್ ಸೇರಿಸಿ ಒಂದು ಮಾಡೋಕೆ ಕೋವಿನ್‌ನಲ್ಲೇ ದಾರಿ ಇತ್ತು. ಸಮಸ್ಯೆ ತಿಳಿಸುವ ಜಾಗಕ್ಕೆ ಹೋದರೆ, ಎರಡು ಮೊದಲ ಡೋಸ್ ಸರ್ಟಿಫಿಕೇಟ್ ಜೋಡಿಸಿ ಅಂತ ಕೇಳಬಹುದಿತ್ತು. ಬೇರೆಯವರ ನಂಬರಿನಲ್ಲಿರುವ ಹೆಸರನ್ನು ನಮ್ಮ ನಂಬರಿಗೆ ತಂದುಕೊಳ್ಳೋಕೂ ಆಗುತ್ತಿತ್ತು. ಆದರೆ ಇದನ್ನು ನನಗೆ ಹೇಳಿದ್ದು ಲಸಿಕೆ ಕೇಂದ್ರದವರಲ್ಲ, ನಮ್ಮ ಬೀದಿ ಕೊನೆಯ ಮೆಡಿಕಲ್ ಶಾಪಿನ ಹುಡುಗ. ಅದು ಸರಿಹೋಗಿ, ಇನ್ನೊಂದು ಸಲ ಹೋಗಿ 'ಸ್ಟಾಕ್ ಇಲ್ಲ' ಅಂತ ವಾಪಸ್ ಬಂದು, ಮೂರನೇ ಸಲಕ್ಕೆ ಅತ್ತೆಗೆ ಬೂಸ್ಟರ್ ಆದಾಗ ಮಾರ್ಚ್ ಕೊನೆ.

ನಮ್ಮ ಯಜಮಾನರದ್ದು ಸುಲಭವಾಗಿ ಆಯಿತು, ಯಾಕಂದರೆ ದುಡ್ಡು ಕೊಟ್ಟೆವು. ಏಪ್ರಿಲ್ 10ರಿಂದ 18 ದಾಟಿದವರಿಗೆ ಖಾಸಗಿ ಕೇಂದ್ರಗಳಲ್ಲಿ ಶುರುವಾಯಿತಲ್ಲ, ಲಸಿಕೆಗೆ 225 ರೂಪಾಯಿ, ಸೇವಾ ಶುಲ್ಕ 150ರ ಒಳಗೆ. ಅವರು ಮೇ ತಿಂಗಳಲ್ಲಿ ಬುಕ್ ಮಾಡಿ, ಹೋಗಿ, ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದರು. ಹೂವು ಕಟ್ಟಿ ಮಾರುವವರ ಮನೆಯಲ್ಲಿ ನಾಲ್ಕು ಜನಕ್ಕೆ ಇಷ್ಟು ದುಡ್ಡು ಕೊಡೋಕಾಗಲ್ಲ. ಅದಕ್ಕೇ ಜುಲೈ 15ರಿಂದ ಸರ್ಕಾರಿ ಕೇಂದ್ರಗಳಲ್ಲಿ ಎಲ್ಲರಿಗೂ ಉಚಿತ ಅಂದಾಗ ನಮ್ಮ ಬೀದಿಯಲ್ಲಿ ನಿಜವಾಗಿ ಖುಷಿಯಾಯಿತು. ಎರಡನೇ ಡೋಸ್ ಆದಮೇಲೆ ಬೂಸ್ಟರ್‌ಗೆ ಕಾಯಬೇಕಾದ ಅಂತರವನ್ನೂ ಒಂಬತ್ತು ತಿಂಗಳಿಂದ ಆರಕ್ಕೆ ಇಳಿಸಿದ್ದರು. ಜುಲೈ 17ಕ್ಕೆ ದೇಶದಲ್ಲಿ 200 ಕೋಟಿ ಡೋಸ್ ಪೂರ್ತಿಯಾಯಿತು, ನಮಗೂ ಹೆಮ್ಮೆಯೇ.

ನನ್ನ ಸರದಿ ಬಂದಿದ್ದು ಆಗಸ್ಟ್ ಮೂರನೇ ವಾರ. ಪಕ್ಕದ ವಠಾರದ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹತ್ತು ಗಂಟೆಗೆ ಹೋದೆ. ಸಿಸ್ಟರ್ ಮೊದಲು ಕೇಳಿದ್ದು, 'ನಿಮ್ಮದು ಯಾವ್ದು?' ನಮ್ಮ ಮೂವರದ್ದೂ ಕೋವಿಶೀಲ್ಡ್. 'ಹತ್ತು ಜನ ಸೇರಲಿ, ಆಮೇಲೆ ವಯಲ್ ಓಪನ್ ಮಾಡ್ತೀನಿ, ಕೂತ್ಕೊಳ್ಳಿ' ಅಂದರು. ಅವರ ಮಾತೂ ಸರಿಯೇ. ಒಂದು ವಯಲ್‌ನಲ್ಲಿ, ಅಂದರೆ ಲಸಿಕೆಯ ಪುಟ್ಟ ಸೀಸೆಯಲ್ಲಿ, ಹತ್ತು ಡೋಸ್ ಇರುತ್ತೆ, ಒಂದು ಸಲ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವೇಸ್ಟ್. ವೇಸ್ಟ್ ಆದರೆ ಲೆಕ್ಕ ಕೊಡಬೇಕಾದವರು ಅವರೇ. ಆಗ ಅಲ್ಲಿದ್ದದ್ದು ಐದು ಜನ. ಬೆಂಚಿನ ಮೇಲೆ ಕೂತೆವು. ನೀಲಿ ಐಸ್ ಬಾಕ್ಸ್ ಮೇಜಿನ ಮೇಲೇ ಇತ್ತು, ಮುಚ್ಚಳ ಹಾಕಿಯೇ ಇತ್ತು. ಹನ್ನೊಂದೂವರೆಗೆ ಏಳು ಜನ ಆದರು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು ಅರ್ಧ ದಿನ ರಜಾ ಹಾಕಿ ಬಂದಿದ್ದಳು, ಗಡಿಯಾರ ನೋಡಿ ನೋಡಿ ಹನ್ನೆರಡಕ್ಕೆ ಎದ್ದು ಹೊರಟೇಬಿಟ್ಟಳು. ಮತ್ತೆ ಆರಾದೆವು. ನಾನು ಗೇಟಿನ ಹತ್ತಿರ ಹೋಗಿ ನಿಂತು, ಹೋಗುವವರು ಬರುವವರನ್ನೆಲ್ಲ ಕೇಳಿದೆ. ಆಟೋ ಸ್ಟ್ಯಾಂಡಿನ ಒಬ್ಬರು ಬಂದರು, ಅವರೇ ಇನ್ನಿಬ್ಬರನ್ನು ಕೂಗಿದರು, ಎಳನೀರಿನವರು ಮಚ್ಚನ್ನು ಗಾಡಿಯಲ್ಲಿಟ್ಟು ಬಂದರು. ಹತ್ತು ಆದಾಗ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಆಟೋದವರಲ್ಲಿ ಒಬ್ಬರು ನನಗೆ ಹೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ: 'ಅಕ್ಕಾ, ನಾವು ದಿನಾ ಇಲ್ಲೇ ಇರ್ತೀವಿ, ಯಾರೂ ಕರೀಲೇ ಇಲ್ಲ.'

ಆಸಕ್ತಿ ಇಲ್ಲದವರ ಮಾತೇ ಇದು?

ಇನ್ನೂ ಒಂದು. ಆಗಸ್ಟ್ 12ರಿಂದ, ಮೊದಲು ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ ಹಾಕಿಸಿಕೊಂಡವರು ಬೂಸ್ಟರ್ ಆಗಿ ಕಾರ್ಬೆವ್ಯಾಕ್ಸ್ ಅನ್ನೋ ಬೇರೆ ಲಸಿಕೆ ತಗೊಳ್ಳಬಹುದು ಅಂತ ಆಗಿದೆ. ಅಲ್ಲಿ ಮೂರು ಗಂಟೆ ಕಾದ ಒಬ್ಬರಿಗೂ ಇದು ಗೊತ್ತಿರಲಿಲ್ಲ, ಗೋಡೆ ಮೇಲೂ ಬರೆದಿರಲಿಲ್ಲ.

ಆನ್‌ಲೈನ್ ಬುಕಿಂಗ್ ಕನ್ನಡದಲ್ಲೂ ಇದೆ ಅನ್ನೋದು ಒಳ್ಳೇದೇ. ಆದರೆ ಒಟಿಪಿ ಬರೋ ಫೋನ್ ಮಗನ ಜೇಬಿನಲ್ಲಿ ವೈಟ್‌ಫೀಲ್ಡ್‌ನಲ್ಲಿದ್ದರೆ, ಹನುಮಂತನಗರದಲ್ಲಿ ಕೂತ ತಾಯಿ ಮೂರು ನಿಮಿಷದೊಳಗೆ ಆ ನಂಬರ್ ಹೇಗೆ ಹೇಳಬೇಕು? ಬುಕ್ ಮಾಡದೆ ನೇರವಾಗಿ ಬಂದರೂ ಹಾಕುತ್ತಾರೆ ನಿಜ, ಆದರೆ ಹಳೇ ದಾಖಲೆ ತೆಗೆಯೋಕೆ ಅಲ್ಲೂ ಅದೇ ಮೊಬೈಲ್ ನಂಬರ್ ಕೇಳುತ್ತಾರೆ. ನಮ್ಮ ಬೀದಿಯ ಹೂವಿನ ಅಜ್ಜಿಗೆ 2021ರಲ್ಲಿ ಯಾರ ನಂಬರ್ ಕೊಟ್ಟಿದ್ದೆ ಅನ್ನೋದೇ ನೆನಪಿಲ್ಲ. ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆದ ಎರಡು ತಾರೀಕು ಇದೆ, ಅದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚಿ ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿದ್ದಾರೆ. ಅವರಿಗೆ ಇನ್ನೂ ಬೂಸ್ಟರ್ ಆಗಿಲ್ಲ.

18ರಿಂದ 59 ವರ್ಷದವರಿಗೆ ಈ ಉಚಿತ ಬೂಸ್ಟರ್ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತೆ. 25ಕ್ಕೆ ಮಹಾಲಯ ಅಮಾವಾಸ್ಯೆ, 26ರಿಂದ ನವರಾತ್ರಿ. ಪಿತೃಪಕ್ಷದ ಕೆಲಸ, ಹಬ್ಬದ ಕೆಲಸದ ನಡುವೆ ಹೆಂಗಸರು ಬೆಳಗ್ಗೆ ಹೋಗಿ ಮಧ್ಯಾಹ್ನದವರೆಗೆ ಕೂರೋದು ಆಗದ ಮಾತು. ಆದ್ದರಿಂದ ನಿಮ್ಮ ಪತ್ರಿಕೆ ಮೂಲಕ ಕೇಳಿಕೊಳ್ಳುತ್ತಿದ್ದೇನೆ. ನಾಳೆ ಯಾವ ಲಸಿಕೆ, ಎಷ್ಟು ಡೋಸ್ ಇದೆ ಅನ್ನೋದನ್ನು ಹಿಂದಿನ ದಿನ ಸಂಜೆಯೇ ಕೇಂದ್ರದ ಬಾಗಿಲಲ್ಲಿ ಬರೆದು ಹಾಕಿ, ಅದಕ್ಕೆ ಒಂದು ಸೀಮೆಸುಣ್ಣ ಸಾಕು. ಕೋವಿಶೀಲ್ಡ್‌ನವರು ಇಂಥ ದಿನ ಇಷ್ಟು ಗಂಟೆಗೆ ಬನ್ನಿ ಅಂತ ನಿಗದಿ ಮಾಡಿದರೆ ಹತ್ತು ಜನ ತಾನಾಗೇ ಸೇರುತ್ತಾರೆ. ಉಳಿದಿರುವ ಭಾನುವಾರಗಳಲ್ಲಿ ಆಟೋ ಸ್ಟ್ಯಾಂಡ್, ಮಾರ್ಕೆಟ್, ಗಾರ್ಮೆಂಟ್ಸ್ ಹತ್ತಿರ ಒಂದೊಂದು ಕ್ಯಾಂಪ್ ಹಾಕಿ. ಲಸಿಕೆ ಹಾಕಿಸಿಕೊಂಡು ಭಾನುವಾರ ಜ್ವರ ಬಂದರೂ ಸೋಮವಾರ ಹೇಗೋ ಎದ್ದು ಹೋಗುತ್ತಾರೆ, ವಾರದ ನಡುವೆ ಹಾಕಿಸಿಕೊಂಡರೆ ಎರಡು ದಿನದ ಕೂಲಿ ಹೋಗುತ್ತೆ. ಆಧಾರ್ ತೋರಿಸಿದರೆ ಹಳೇ ದಾಖಲೆ ಹುಡುಕಿಕೊಡುವ ಒಬ್ಬರನ್ನು ಕೌಂಟರಿನಲ್ಲಿ ಕೂರಿಸಿ. ಹೋದ ವರ್ಷ ನವೆಂಬರ್‌ನಲ್ಲಿ ಹರ್ ಘರ್ ದಸ್ತಕ್ ಅಂತ ಮನೆ ಮನೆಗೆ ಬಂದು ಲಸಿಕೆ ಹಾಕಿದರು. ಆಗ ಬಂದಿದ್ದ ಆಶಾ ಕಾರ್ಯಕರ್ತೆಗೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಯಾರು ಬಾಕಿ ಅನ್ನೋದು ಬಾಯಿಪಾಠ. ಅವರಿಗೆ ಮತ್ತೆ ಈ ಕೆಲಸ ಕೊಡಿ, ಅದಕ್ಕೆ ತಕ್ಕ ದುಡ್ಡನ್ನೂ ಕೊಡಿ.

30ರೊಳಗೆ ಇದೆಲ್ಲ ಆಗಲ್ಲ ಅಂದರೆ ಉಚಿತ ಲಸಿಕೆಯ ಅವಧಿಯನ್ನು ದೀಪಾವಳಿವರೆಗಾದರೂ ಮುಂದುವರಿಸಿ. ನನ್ನ ಪಟ್ಟಿಯಲ್ಲಿ ಇನ್ನೂ ಆರು ಜನ ಇದ್ದಾರೆ. ಮೊದಲ ಹೆಸರು ಹೂವಿನ ಅಜ್ಜಿಯದ್ದೇ. ನಾಳೆ ಒಂಬತ್ತಕ್ಕೆ ಅವರ ಕಾರ್ಡ್ ತಗೊಂಡು ಮತ್ತೆ ಕೌಂಟರಿಗೆ ಹೋಗುತ್ತಿದ್ದೇನೆ.

— ಒಬ್ಬ ಗೃಹಿಣಿ, ಹನುಮಂತನಗರ, ಬೆಂಗಳೂರು