ಫೋನಿನ ಆ ಕಡೆಯ ಅಣ್ಣನಿಗೆ

ಆ ರಾತ್ರಿ ಕಾರವಾರದಿಂದ ಕೋಸ್ಟ್ ಗಾರ್ಡ್‌ನ ತುರ್ತು ನಂಬರ್ 1554ಕ್ಕೆ ಫೋನ್ ಮಾಡಿ ಕೂಗಾಡಿದವಳು ನಾನೇ. ತಮ್ಮ ಮತ್ತು ಇನ್ನಿಬ್ಬರಿದ್ದ ದೋಣಿಯ ಇಂಜಿನ್ ದೇವಗಡ ದ್ವೀಪದ ಹತ್ತಿರ ಕೆಟ್ಟು ನಿಂತಿತ್ತು. ನೀವು ಸಿಟ್ಟಾಗಲಿಲ್ಲ. "ಈ ಅಲೆಗೆ ಸಣ್ಣ ಬೋಟ್ ಬಿಟ್ಟರೆ ಆಮೇಲೆ ನಮ್ಮ ಹುಡುಗರನ್ನೂ ಹುಡುಕಬೇಕಾಗುತ್ತೆ ಅಕ್ಕ, ದೊಡ್ಡ ಹಡಗು ಬರ್ತಾ ಇದೆ" ಅಂದಿರಿ. ಕೆಟ್ಟ ಕೋಪ ಬಂತು, ಸುಳ್ಳು ಯಾಕೆ ಹೇಳಲಿ.

ಲಂಗರು ಹಾಕಿ, ಲೈಫ್ ಜಾಕೆಟ್ ಬಿಚ್ಚಬೇಡಿ, ಮೊಬೈಲ್ ಬ್ಯಾಟರಿ ಉಳಿಸಿ ಅಂತ ನನ್ನಿಂದಲೇ ಅವರಿಗೆ ಹೇಳಿಸಿದಿರಿ. ಜಿಪಿಎಸ್ ಅಂಕಿಗಳನ್ನು ಎರಡೆರಡು ಸಲ ಓದಿಸಿಕೊಂಡಿರಿ. ನಾನು ಬರೆದುಕೊಂಡದ್ದು ಕರೆಂಟ್ ಬಿಲ್ಲಿನ ಹಿಂದೆ, ಕೈ ನಡುಗಿ 4 ಯಾವುದು 9 ಯಾವುದು ಗೊತ್ತಾಗುತ್ತಿರಲಿಲ್ಲ.

ಬೆಳಿಗ್ಗೆ ಮೂವರೂ ಬೈತಖೋಲ ಬಂದರಿನಲ್ಲಿ ಇಳಿದರು. ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ. ಬೈದದ್ದಕ್ಕೆ ಕ್ಷಮಿಸಿ ಅಣ್ಣ. ತುಂಬಾ ಥ್ಯಾಂಕ್ಸ್.