ಗಂಗಾವತಿಯಿಂದ ಎಲ್ಲರಿಗೂ, ಮುಖ್ಯವಾಗಿ ಸಿಂಧನೂರಿನ ಅಕ್ಕನಿಗೆ

ನಮ್ಮ ಮನೆಯವರಿಗೆ ಹೃದಯ ಕಸಿಯಾಗಿ ಈ ವಾರ ವರ್ಷ ತುಂಬಿತು. ಕಾಯಿಲೆ ಏನು, ಹೇಗೆ ಶುರುವಾಯಿತು, ಎಲ್ಲೆಲ್ಲಿ ಓಡಾಡಿದೆವು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಬರೆಯುವುದಿಲ್ಲ. ಧನ್ಯವಾದ ಹೇಳುವುದೊಂದು ಬಾಕಿ ಇತ್ತು.

ನನ್ನ ತರಗತಿಗಳನ್ನು ಹಂಚಿಕೊಂಡ ಶಾಲೆಯ ಗೆಳತಿಯರು, ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡ ಪಕ್ಕದ ಮನೆಯವರು, ಭತ್ತದ ಕೆಲಸ ಪೂರ್ತಿ ನೋಡಿಕೊಂಡ ಮೈದುನ, ದುಡ್ಡು ಕೂಡಿಸಿ ಕಳಿಸಿದ ಸಂಘದವರು, "ಇಲ್ಲಿ ತಡ ಮಾಡಬೇಡಿ, ಇವತ್ತೇ ಬೆಂಗಳೂರಿಗೆ ಹೊರಡಿ" ಎಂದ ಬಳ್ಳಾರಿಯ ಡಾಕ್ಟರು, ಬೆಂಗಳೂರಿನ ಡಾಕ್ಟರು, ನರ್ಸುಗಳು, ಎಲ್ಲರಿಗೂ ಕೈ ಮುಗಿಯುತ್ತೇನೆ. ನಿಮ್ಮ ಋಣ ದೊಡ್ಡದು.

ಊರಿಗೆ ಬಂದ ಮೇಲೆ ಜನ ಎರಡು ಪ್ರಶ್ನೆ ಕೇಳುತ್ತಲೇ ಇದ್ದಾರೆ. "ಹೃದಯಕ್ಕೆ ಎಷ್ಟು ಕೊಟ್ಟಿರಿ?" ಮತ್ತು "ನಿಮ್ಮದು ಎಷ್ಟನೇ ನಂಬರ್ ಇತ್ತು?"

ಹೃದಯಕ್ಕೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಕೊಡಲು ಬರುವುದೂ ಇಲ್ಲ. ಅಂಗಾಂಗ ಮಾರುವುದು, ಕೊಳ್ಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ನಮಗೆ ಖರ್ಚಾಗಿದ್ದು ಆಪರೇಷನ್‌ಗೆ, ಔಷಧಕ್ಕೆ, ರೂಮಿನ ಬಾಡಿಗೆಗೆ.

ಇನ್ನು ನಂಬರ್ ವಿಷಯ. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಆಸ್ಪತ್ರೆಯವರು ಅಲ್ಲಿಯ ಪಟ್ಟಿಗೆ ನಮ್ಮವರ ಹೆಸರು ಸೇರಿಸಿದರು. ಆದರೆ ರೇಷನ್ ಅಂಗಡಿ ಮುಂದಿನ ಪಾಳಿಯ ಹಾಗೆ ಮೊದಲು ಬಂದವರಿಗೆ ಮೊದಲು ಎಂದು ಅಲ್ಲಿ ನಡೆಯುವುದಿಲ್ಲ. ರಕ್ತದ ಗುಂಪು ಹೊಂದಬೇಕು. ಮೈಕಟ್ಟು ಹೊಂದಬೇಕು, ಸಣ್ಣ ಮೈಯವರ ಹೃದಯ ದೊಡ್ಡ ಆಳಿಗೆ ಸಾಲುವುದಿಲ್ಲ. ಹೊರಗೆ ತೆಗೆದ ಹೃದಯ ಸುಮಾರು 4 ಗಂಟೆಯೊಳಗೆ ಇನ್ನೊಂದು ಎದೆಯಲ್ಲಿ ಬಡಿಯಬೇಕು. ಗಂಗಾವತಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿಯೇ ಬೇಕು. ಊರಲ್ಲೇ ಇದ್ದು ಕಾಯಬಹುದಿತ್ತಲ್ಲ ಎಂದವರಿಗೆ ಇದೇ ಉತ್ತರ.

ಇಷ್ಟೆಲ್ಲ ಹೊಂದಿದವರ ಪೈಕಿ ಯಾರ ಸ್ಥಿತಿ ಹೆಚ್ಚು ಗಂಭೀರವೋ ಅವರಿಗೆ ಮೊದಲು. ಯಂತ್ರದ ಆಸರೆಯಲ್ಲಿ ಇರುವವರು, ಐಸಿಯುನಲ್ಲಿ ಡ್ರಿಪ್ ನಿಲ್ಲಿಸಿದರೆ ಹೃದಯವೂ ನಿಲ್ಲುವಂಥವರು ಮುಂದೆ ಬರುತ್ತಾರೆ. ಇಬ್ಬರ ಸ್ಥಿತಿಯೂ ಒಂದೇ ಇದ್ದಾಗ ಯಾರು ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂದು ನೋಡುತ್ತಾರೆ. ನಮ್ಮವರದು ಓ ಗುಂಪು. ಓ ಹೃದಯ ಬೇರೆ ಗುಂಪಿನವರಿಗೂ ಹೊಂದುತ್ತದೆ, ಆದರೆ ಓ ಗುಂಪಿನವರಿಗೆ ಓ ಹೃದಯವೇ ಆಗಬೇಕು. ಹಾಗಾಗಿ ಅವರು ಕಾಯುವುದು ಜಾಸ್ತಿ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಸಿಂಧನೂರಿನ ಅಕ್ಕ. ಹೆಸರು ಹಾಕಬೇಡ ಎಂದಿದ್ದಾರೆ. ಆಸ್ಪತ್ರೆ ಹತ್ತಿರ ನಮ್ಮ ರೂಮಿನ ಪಕ್ಕದ್ದೇ ಅವರ ರೂಮು. ಅವರ ತಮ್ಮನದೂ ಓ ಗುಂಪು. ಅದೇ ಪಟ್ಟಿ. ನಮಗಿಂತ ಎಷ್ಟೋ ಮೊದಲೇ ಬಂದು ಕಾಯುತ್ತಿದ್ದವರು.

ಪಾಳಿ ಮುಂದಕ್ಕೆ ಬರಬೇಕಾದರೆ ಮನುಷ್ಯನ ಸ್ಥಿತಿ ಕೆಡಬೇಕು. ತೀರಾ ಕೆಟ್ಟರೂ ಆಗುವುದಿಲ್ಲ. ಸೋಂಕು ತಗುಲಿದರೆ, ಕಿಡ್ನಿ, ಲಿವರ್ ಕೈಬಿಟ್ಟರೆ ಕಸಿ ಮಾಡುವುದೇ ಕಷ್ಟ. ನಮ್ಮವರನ್ನು ಐಸಿಯುಗೆ ಹಾಕಿ ಡ್ರಿಪ್ ಏರಿಸುತ್ತಾ ಹೋದಾಗ ಆಸ್ಪತ್ರೆಯ ಕಸಿ ಕೋಆರ್ಡಿನೇಟರ್ ಬಂದು, "ತುರ್ತು ಪಟ್ಟಿಗೆ ಸೇರಿಸಿದ್ದೇವೆ" ಎಂದರು. ಕೆಟ್ಟ ಸುದ್ದಿ, ಒಳ್ಳೆಯ ಸುದ್ದಿ ಎರಡೂ ಒಂದೇ ಮಾತಿನಲ್ಲಿ ಬಂತು. ನಮ್ಮವರ ಕಾಲು ಮುಟ್ಟಿದರೆ ತಣ್ಣಗಿತ್ತು. ಸಾಕಪ್ಪಾ, ಊರಿಗೆ ಕರೆದುಕೊಂಡು ಹೋಗಿಬಿಡುತ್ತೇನೆ ಎಂದು ಆ ಕಾರಿಡಾರಿನಲ್ಲಿ ಗಟ್ಟಿಯಾಗಿ ಕೂಗಿದ್ದೇನೆ.

ಹೃದಯ ಬಂದ ರಾತ್ರಿ ಅಕ್ಕ ತಮ್ಮನಿಗೆ ಊಟ ಹಾಕಿ, ಮಾತ್ರೆ ಕೊಟ್ಟು, ನನ್ನ ಹತ್ತಿರ ಬಂದರು. ಬೆಳಗಿನ ತನಕ ಎದ್ದು ಹೋಗಲಿಲ್ಲ. ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿ, ಆಮೇಲೆ ನನ್ನಿಂದ ಸಹಿ ಹಾಕಿಸಿದರು. ನನ್ನ ಫೋನು ಇಸಿದುಕೊಂಡು ಊರಿನ ಕರೆಗಳಿಗೆಲ್ಲ ತಾವೇ ಉತ್ತರ ಕೊಟ್ಟರು. "ಒಳಗ ಕರ್ಕೊಂಡು ಹೋಗ್ಯಾರ. ಸುದ್ದಿ ಬಂದ ಕೂಡ್ಲೆ ನಾನೇ ಹೇಳ್ತೀನಿ." ಅತ್ತೆಗೂ ಅದನ್ನೇ ಹೇಳಿದರು, ಮಕ್ಕಳಿಗೂ ಅದನ್ನೇ ಹೇಳಿದರು. ಎಲ್ಲಾ ಸರಿ ಹೋಗುತ್ತೆ ಎಂದು ಒಮ್ಮೆಯೂ ಅನ್ನಲಿಲ್ಲ. ರೊಟ್ಟಿ ಮುರಿದು ಕೈಗೆ ಕೊಟ್ಟರು. ತಿಂದೆ.

ತಡೆಯಲಾಗದೆ ಕೇಳಿಯೇ ಬಿಟ್ಟೆ. "ಅಕ್ಕಾ, ಮೊದಲು ಬಂದವರು ನೀವಲ್ವಾ?"

"ನನ್ನ ತಮ್ಮ ಎದ್ದು ಓಡಾಡ್ತಾನ, ಉಣ್ತಾನ. ನಿಮ್ಮವರಿಗೆ ನಾಳಿ ಇರಲಿಲ್ಲ ನೋಡವ್ವ" ಎಂದರು. ಎಂದವರೇ ಗೋಡೆ ಕಡೆ ತಿರುಗಿ ಅತ್ತರು. ನಾನೂ ಅತ್ತೆ. ಮತ್ತೆ ಫೋನು ಬಂತು, ಕಣ್ಣೊರೆಸಿಕೊಂಡು ಅವರೇ ಎತ್ತಿದರು.

ಅಕ್ಕಾ, ನಿಮಗೆ ಧನ್ಯವಾದ ಎಂದು ಬರೆದರೆ ಅದು ಸಾಕಾಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ನಮ್ಮ ಊರಿನವರಿಗೆಲ್ಲ ನೀವು ಯಾರು ಅಂತ ಗೊತ್ತಾಗಲಿ.

ಹೃದಯ ಕೊಟ್ಟ ಮನೆಯವರು ಯಾರು ಅಂತ ನಮಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೃದಯ ತೆಗೆಯುವ ಮೊದಲು ದಾನಿಯ ಮೆದುಳು ಸತ್ತಿದೆ ಎಂದು ನಾಲ್ವರು ಡಾಕ್ಟರರು ಖಚಿತ ಮಾಡಬೇಕು. ಪರೀಕ್ಷೆಯನ್ನು ಎರಡು ಸಲ ಮಾಡುತ್ತಾರೆ, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ಆ 6 ಗಂಟೆ ಆ ಮನೆಯವರೂ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಅದಾದ ಮೇಲೆ "ಆಗಲಿ" ಎಂದು ದಾನಕ್ಕೆ ಒಪ್ಪಿದರು. ನಾವು ದೀಪ ಹಚ್ಚುವಾಗ ಅವರನ್ನು ನೆನೆಯುತ್ತೇವೆ.

ಇವರು ಈಗ ಚೆನ್ನಾಗಿದ್ದಾರೆ. ಮಾತ್ರೆ ಜೀವನಪೂರ್ತಿ ಇದ್ದದ್ದೇ, ಹೊತ್ತು ತಪ್ಪುವಂತಿಲ್ಲ. ಸುಗ್ಗಿಯ ದೂಳಿನಲ್ಲಿ ಹೊಲಕ್ಕೆ ಬಿಡುವುದಿಲ್ಲ. ಅಂಜನಾದ್ರಿ ಬೆಟ್ಟ ಹತ್ತುತ್ತೇನೆ ಎನ್ನುತ್ತಾರೆ. ಕಸಿ ಮಾಡುವಾಗ ಹೃದಯದ ನರಗಳ ನಂಟು ಕಡಿದಿರುತ್ತದೆ, ಅದರ ಬಡಿತ ನಿಧಾನಕ್ಕೆ ಏರುತ್ತದೆ, ಮೆಟ್ಟಿಲನ್ನೂ ನಿಧಾನಕ್ಕೆ ಹತ್ತಿ ಎಂದಿದ್ದಾರೆ ಡಾಕ್ಟರು.

ಅಕ್ಕನ ತಮ್ಮ ಇನ್ನೂ ಕಾಯುತ್ತಿದ್ದಾರೆ. ಒಮ್ಮೆ ಗುಂಪು ಹೊಂದುವ ಹೃದಯ ಬಂದಿತ್ತು. ಅಕ್ಕನ ತಮ್ಮ ಎತ್ತರದ ಆಳು, ಅಳತೆ ಸಾಲಲಿಲ್ಲ. ದಾನ ಮಾಡುವ ಮನಸ್ಸಿದ್ದವರು ಆಧಾರ್ ಬಳಸಿ ನೋಟ್ಟೋ ಎಂಬ ಕೇಂದ್ರ ಸರ್ಕಾರದ ಅಂಗಾಂಗ ದಾನ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಆದರೆ ಕೊನೆಗೆ ಕೇಳುವುದು ಮನೆಯವರನ್ನೇ. ಅದಕ್ಕೇ ಮನೆಯಲ್ಲಿ ಈಗಲೇ ಹೇಳಿಡಿ. ಗೊತ್ತಾಗದಿದ್ದರೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ, ನಾನು ಮಾಡಿಕೊಡುತ್ತೇನೆ.

ಇನ್ನೊಂದು. ಈ ವಾರ ಯಾರಾದರೂ ಬೆಂಗಳೂರಿಗೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ಅಕ್ಕನಿಗೆ ಜೋಳದ ಹಿಟ್ಟು, ಗುರೆಳ್ಳು ಪುಡಿ ಕಳಿಸಬೇಕು.