ಕಾನೂನು ಒಪ್ಪಿದ ಸೈಡ್ ವೀಲ್, ಕೌಂಟರ್ ಒಪ್ಪುತ್ತಿಲ್ಲ

ಮಾನ್ಯರೇ,

ಗಾಡಿ ವಾಲದಂತೆ ಸ್ಕೂಟರ್‌ನ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಸೈಡ್ ವೀಲ್ ಹಾಕಿಸಿಕೊಂಡವರು ಅದನ್ನು ಆರ್‌ಸಿಯಲ್ಲಿ (ನೋಂದಣಿ ಪ್ರಮಾಣಪತ್ರದಲ್ಲಿ) ಸೇರಿಸಿಕೊಳ್ಳಬೇಕಾದರೆ ಯಾವ ಕಾಗದ ಕೊಡಬೇಕು, ಗಾಡಿಯನ್ನು ಯಾರು ಪರೀಕ್ಷಿಸಬೇಕು, ಎಷ್ಟು ದಿನದಲ್ಲಿ ಕೆಲಸ ಮುಗಿಯಬೇಕು? ಸಾರಿಗೆ ಇಲಾಖೆ ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು ತನ್ನ ಎಲ್ಲ ಕಚೇರಿಗಳ ಗೋಡೆಗೆ ಅಂಟಿಸಲಿ ಎಂದು ಕೇಳಲು ಈ ಪತ್ರ.

ನಾನು ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ) ಏಜೆಂಟ್. ಮನೆಮನೆಗೆ ಹೋಗಿ ಹಣ ಪಡೆದು, ಕಾರ್ಡಿನಲ್ಲಿ ಬರೆದು, ಅಂಚೆ ಕಚೇರಿಗೆ ಕಟ್ಟುವ ಕೆಲಸ. 100 ರೂಪಾಯಿಗೆ 4 ರೂಪಾಯಿ ಕಮಿಷನ್. ತಿಂಗಳ 15ರೊಳಗೆ ತೆರೆದ ಖಾತೆಗಳಿಗೆ ಪ್ರತಿ ತಿಂಗಳೂ 15ರೊಳಗೆ, ಆಮೇಲೆ ತೆರೆದವಕ್ಕೆ ತಿಂಗಳ ಕೊನೆಯೊಳಗೆ ಕಟ್ಟಬೇಕು. ಆ ಗಡುವು ಹತ್ತಿರ ಬಂದಾಗ ನನ್ನ ಸ್ಕೂಟರ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಒಂದು ಮನೆ, ನಾಲ್ಕು ಮಾರು ಮುಂದೆ ಇನ್ನೊಂದು ಮನೆ, ಅದರ ಎದುರಿನ ಅಂಗಡಿ.

ನನಗೀಗ ಆಗದಿರುವುದು ಈ ನಿಲ್ಲಿಸುವ ಕೆಲಸ ಮಾತ್ರ. ಹೊಟ್ಟೆ ಕೆಟ್ಟು, ಅದು ವಾಸಿಯಾದ ಮೇಲೆ ಪಾದಗಳಲ್ಲಿ ಜೋಮು ಶುರುವಾಗಿ ಮೇಲೇರುತ್ತ ಬಂತು. ಗಿಲ್ಲನ್ ಬಾರೆ ಎಂದರು ಡಾಕ್ಟರು. 2025ರ ಜನವರಿಯಲ್ಲಿ ಪುಣೆಯಲ್ಲಿ ಹರಡಿ ಪತ್ರಿಕೆಗಳಲ್ಲೆಲ್ಲ ಬಂದ ಜಿಬಿಎಸ್ ಇದೇ. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಹೊದಿಕೆಯ ಮೇಲೆ ಬೀಳುತ್ತದಂತೆ. ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದರು, ಫಿಸಿಯೊಥೆರಪಿ ಮಾಡಿಸಿದರು. ಕೈಗಳು ಪೂರ್ತಿ ವಾಪಸು ಬಂದವು. ಪಾದಗಳು ಮಾತ್ರ ಮುಂದಕ್ಕೆ ಜೋತುಬೀಳುತ್ತವೆ, ಎಡಗಾಲು ಜಾಸ್ತಿ. ಶೂ ಒಳಗೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಂಡರೆ ನಡೆಯುತ್ತೇನೆ. ಗೇರಿಲ್ಲದ ಸ್ಕೂಟರಿನಲ್ಲಿ ಎಕ್ಸಿಲೇಟರೂ ಎರಡೂ ಬ್ರೇಕೂ ಕೈಯಲ್ಲೇ ಇರುವುದರಿಂದ ಓಡಿಸಲು ಏನೂ ತೊಂದರೆಯಿಲ್ಲ. ಆದರೆ ಬ್ರೇಕ್ ಹಿಡಿದು ಕಾಲು ಊರಿದಾಗ ನೆಲ ಸಿಕ್ಕಿತೋ ಇಲ್ಲವೋ ಎಂದು ಪಾದಕ್ಕೆ ತಿಳಿಯುವುದೇ ಇಲ್ಲ. ನೂರಕ್ಕೂ ಮಿಕ್ಕಿ ಕಿಲೋ ತೂಗುವ ಗಾಡಿ ಒಮ್ಮೆ ವಾಲಿತೆಂದರೆ ತಡೆಯುವವರು ಯಾರು?

ಇದಕ್ಕೆ ಸೈಡ್ ವೀಲ್ ಸರಿಯಾದ ಮದ್ದು. ಆದರೆ ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕಿಬಿಡುವ ಮದ್ದಲ್ಲ. ಈ ವಿಷಯ ಗೊತ್ತಿಲ್ಲದವರೇ ಹೆಚ್ಚಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ಸೈಡ್ ವೀಲ್ ಇದ್ದರೆ ವಾಲುವುದಿಲ್ಲ. ವೇಗದಲ್ಲಿ ತಿರುಗಿಸಿದರೆ ಹೊರಮಗ್ಗುಲಿಗೆ ಮಗುಚಲು ನೋಡುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ನಿಧಾನ ಮಾಡಿ, ನಮ್ಮ ಮೈಯನ್ನು ಒಳಕ್ಕೆ ಬಾಗಿಸಿ, ಹ್ಯಾಂಡಲ್ಲನ್ನು ಎತ್ತಿನಗಾಡಿ ಹೊರಳಿಸಿದ ಹಾಗೆ ಪೂರ್ತಿ ತಿರುಗಿಸಬೇಕು. ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರಲ್ಲ, ಗಾಡಿಯೂ ಅದರೊಂದಿಗೇ ಓರೆಯಾಗಿ ಎಡಕ್ಕೆ, ಚರಂಡಿಯ ಕಡೆಗೆ, ಎಳೆಯುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ಸೈಡ್ ವೀಲುಗಳನ್ನು ಸ್ಪ್ರಿಂಗ್ ಇಲ್ಲದೆ ಕಬ್ಬಿಣದ ಪಟ್ಟಿಯಿಂದ ಚಾಸಿಗೆ ವೆಲ್ಡಿಂಗ್ ಮಾಡಿಬಿಟ್ಟರೆ, ನಡುವೆ ತಗ್ಗು ಬಂದಾಗ ಅವೆರಡೂ ಎತ್ತರದಲ್ಲಿ ನಿಂತುಕೊಂಡು ಹಿಂದಿನ ಮೂಲ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಎಂಜಿನ್ನಿನ ಎಳೆತವೂ ಹಿಂದಿನ ಬ್ರೇಕೂ ಇರುವುದು ಆ ಚಕ್ರಕ್ಕೇ. ಅಲ್ಲಿಗೆ ಗಾಡಿ ಮುಂದೆಯೂ ಹೋಗದು, ಹಿಂದಿನ ಬ್ರೇಕಿಗೂ ಸಿಗದು. ನಮ್ಮೂರಿನಲ್ಲಿ ಒಳಚರಂಡಿಗೆಂದು ಅಗೆದು ಮುಚ್ಚಿದ ರಸ್ತೆಗಳಲ್ಲಿ ಇಂಥ ತಗ್ಗಿಗೆ ಹುಡುಕಾಡಬೇಕಿಲ್ಲ. ಎರಡೂ ಪಕ್ಕಕ್ಕೆ ಬೇರೆಬೇರೆ ಶಾಕ್ ಅಬ್ಸಾರ್ಬರ್ ಇರುವ, ಬೋಲ್ಟಿನಲ್ಲಿ ಕೂರುವ ಕಿಟ್ ಆದರೆ ಹಿಂದಿನ ಮೂರೂ ಚಕ್ರ ನೆಲ ಬಿಡುವುದಿಲ್ಲ. ಹಿಂದಿನ ಚಕ್ರವನ್ನೇ ತೆಗೆದು ಎರಡು ಚಕ್ರದ ಆಕ್ಸಲ್ ಕೂರಿಸುವ ಕ್ರಮವೂ ಇದೆ, ಅದಕ್ಕೆ ತಿರುವಿನಲ್ಲಿ ಎರಡು ಚಕ್ರಗಳನ್ನೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬೇಕು, ಖರ್ಚೂ ಜಾಸ್ತಿ. ನಾನು ಬೋಲ್ಟಿನದನ್ನೇ ಹಾಕಿಸಿದೆ. ಕಾಲೇಜು ಮೈದಾನದಲ್ಲಿ ಓಡಿಸಿ ಅಭ್ಯಾಸ ಮಾಡುತ್ತಿದ್ದೇನೆ, ಬೀದಿಗೆ ಇಳಿಸಿಲ್ಲ. ವಸೂಲಿಗೆ ಆಟೊದಲ್ಲಿ ಓಡಾಡುತ್ತೇನೆ, ಕಮಿಷನ್ನಿನ ದೊಡ್ಡ ಪಾಲು ಆಟೊದವನಿಗೆ.

ಬೀದಿಗೆ ಇಳಿಸದಿರಲು ಕಾರಣ ಆರ್‌ಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ದೈಹಿಕ ಊನ ಅಥವಾ ಅಂಗವಿಕಲತೆ ಇರುವವರ ಬಳಕೆಗಾಗಿ ಗಾಡಿಯನ್ನು ‘ಅಡಾಪ್ಟೆಡ್ ವೆಹಿಕಲ್’ ಆಗಿ ಮಾರ್ಪಡಿಸಿಕೊಳ್ಳಬಹುದು, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬೇಕು ಎಂದು ಅದೇ 52ನೇ ಸೆಕ್ಷನ್ನಿಗೆ ಸೇರಿಸಿತು. ಕೌಂಟರಿನಲ್ಲಿ ಕೂತವರಿಗೆ ಜನವರಿಯ ಮಾತು ನೆನಪಿದೆ, ಆಗಸ್ಟ್‌ನದು ನೆನಪಿಲ್ಲ.

ನಾನು ಹೋದ ಸಾರಿಗೆ ಕಚೇರಿಯಲ್ಲಿ ಮೊದಲು ಕೇಳಿದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಅದೂ ಶೇ 40 ಇರುವಂಥದ್ದು. ವೈದ್ಯಕೀಯ ಮಂಡಳಿ ನನಗೆ ಕೊಟ್ಟಿರುವ ಅಂಗವಿಕಲತೆಯ ಪ್ರಮಾಣ ಶೇ 40 ಮುಟ್ಟುವುದಿಲ್ಲ. ಮೀಸಲಾತಿಗೆ, ಪಿಂಚಣಿಗೆ ಆ ಮಿತಿ ಬೇಕು, ಒಪ್ಪುತ್ತೇನೆ. ನಾನು ಅದ್ಯಾವುದನ್ನೂ ಕೇಳುತ್ತಿಲ್ಲವಲ್ಲ. ಕಾಯ್ದೆಯಲ್ಲಿರುವ ‘ಅಡಾಪ್ಟೆಡ್ ವೆಹಿಕಲ್’ ವ್ಯಾಖ್ಯೆಯಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ. ಹೀಗೆಂದು ಹೇಳಿದ್ದಕ್ಕೆ ಲೈಸೆನ್ಸ್ ಕೌಂಟರಿಗೆ ಕಳಿಸಿದರು. ಅಲ್ಲಿ, ಅಡಾಪ್ಟೆಡ್ ವೆಹಿಕಲ್ ವರ್ಗದ ಲೈಸೆನ್ಸ್ ಬೇಕಾದರೆ ಆ ವರ್ಗದ ಗಾಡಿಯಲ್ಲೇ ಟೆಸ್ಟ್ ಕೊಡಬೇಕು, ಆರ್‌ಸಿ ತನ್ನಿ ಎಂದರು. ಆರ್‌ಸಿ ಕೌಂಟರಿಗೆ ವಾಪಸು ಬಂದರೆ, ಲೈಸೆನ್ಸ್ ಎಲ್ಲಮ್ಮ ಎಂದರು. ಎರಡು ಕೌಂಟರಿನ ನಡುವೆ ಮೆಟ್ಟಿಲುಗಳಿವೆ.

ಸೈಡ್ ವೀಲ್ ಗಾಡಿ ಇಲಾಖೆಗೆ ಹೊಸದೇನಲ್ಲ. ತೀವ್ರ ಅಂಗವಿಕಲತೆ ಇರುವವರಿಗೆ ರಾಜ್ಯ ಸರ್ಕಾರವೇ ಸೈಡ್ ವೀಲ್ ಇರುವ ಯಂತ್ರಚಾಲಿತ ದ್ವಿಚಕ್ರ ವಾಹನ ಕೊಡುವ ಯೋಜನೆ ಇದೆ. ಆ ಗಾಡಿಗಳು ನೋಂದಣಿಯಾಗಿಯೇ ಓಡಾಡುತ್ತಿವೆ. ಸರ್ಕಾರ ಕೊಟ್ಟದ್ದಕ್ಕೆ ಆಗುವುದು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡದ್ದಕ್ಕೆ ಯಾಕೆ ಆಗಬಾರದು?

ಹೀಗೆ ಅಲೆದಾಡಿಸಿದರೆ ಸೈಡ್ ವೀಲ್ ಹಾಕಿಸುವವರೇನೂ ಕಡಿಮೆಯಾಗುವುದಿಲ್ಲ. ಮೂಲೆಯ ವೆಲ್ಡಿಂಗ್ ಶಾಪಿನಲ್ಲಿ ಅಗ್ಗಕ್ಕೆ ಪಟ್ಟಿ ಬಡಿಸಿಕೊಂಡು, ಆರ್‌ಸಿಯ ಗೊಡವೆಯೇ ಬೇಡವೆಂದು ಓಡಿಸುತ್ತಾರೆ. ಪಾರ್ಶ್ವವಾಯು ಆದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು, ಮಂಡಿ ಸವೆದವರು ಹಾಗೆ ಓಡಿಸುವುದನ್ನು ನಾನು ದಿನಾ ನೋಡುತ್ತೇನೆ. ಅಪಘಾತವಾದರೆ ಗಾಡಿ ಆರ್‌ಸಿಯಂತೆ ಇಲ್ಲ ಎಂಬ ನೆಪ ವಿಮಾ ಕಂಪನಿಗೆ ಸಿಗುತ್ತದೆ. ಆಮೇಲೆ ಪೆಟ್ಟಾದವರು, ಪೆಟ್ಟು ಮಾಡಿದವರು ಇಬ್ಬರೂ ಕೋರ್ಟಿಗೆ ಅಲೆಯಬೇಕು.

ಇಲಾಖೆ ಬರೆಯುವ ಆ ಒಂದು ಪುಟದಲ್ಲಿ, ಲೈಸೆನ್ಸಿಗೆ ಈಗಲೂ ಕೊಡುವ 1ಎ ನಮೂನೆಯ ವೈದ್ಯಕೀಯ ಪ್ರಮಾಣಪತ್ರದ ಜೊತೆ ನರರೋಗ ಅಥವಾ ಮೂಳೆ ತಜ್ಞರ ಪತ್ರ ಸಾಕು ಎಂದಿರಲಿ. ಆರ್‌ಸಿ ಮೊದಲೋ ಲೈಸೆನ್ಸ್ ಮೊದಲೋ ಎಂಬುದು ಸ್ಪಷ್ಟವಾಗಲಿ. ಮೋಟಾರು ವಾಹನ ನಿರೀಕ್ಷಕರು ತಗ್ಗಿನ ಮೇಲೆ, ಹಂಪ್ ಮೇಲೆ ಗಾಡಿ ಓಡಿಸಿ ನೋಡಲಿ. ಚಕ್ರ ನೆಲ ಬಿಟ್ಟರೆ ಕಿಟ್ ತಿರಸ್ಕರಿಸಲಿ, ನನ್ನದಾದರೂ ಸರಿಯೇ.

ತಜ್ಞರ ಪತ್ರ, ಕಿಟ್ಟಿನ ರಸೀದಿ, ನಾಲ್ಕೂ ಕಡೆಯಿಂದ ತೆಗೆದ ಫೋಟೊ ನನ್ನ ಕಡತದಲ್ಲಿವೆ. ಯಾವ ಕೌಂಟರಿಗೆ ಕೊಡಬೇಕೆಂದು ಇಲಾಖೆಯವರು ತಿಳಿಸಿದರೆ ಮರುದಿನವೇ ಬರುತ್ತೇನೆ. ನೆಲಮಹಡಿಯ ಕೌಂಟರ್ ಆದರೆ ಒಳ್ಳೆಯದು.

– ಒಬ್ಬ ಅಂಚೆ ಉಳಿತಾಯ ಏಜೆಂಟ್, ಹಾಸನ ಜಿಲ್ಲೆ